ಅಟ್ಟದ ಪೆಟ್ಟಿಗೆಯಲ್ಲಿರುವ ಕಡಲ ಚರಿತ್ರೆ

ಮಡಂತ್ಯಾರಿನಲ್ಲಿ ನಿಂತರೆ ಕಡಲು ಕಾಣುವುದಿಲ್ಲ. ಅಲೆಗಳ ಸದ್ದೂ ಕೇಳಿಸದು. ಸುತ್ತ ಅಡಿಕೆ ತೋಟ, ರಬ್ಬರು, ಗುಡ್ಡ. ಆದರೂ ಈ ಊರಿನ ಬಹಳಷ್ಟು ಮನೆಗಳ ಬದುಕು ಸಮುದ್ರದ ಜೊತೆಗೇ ಹೆಣೆದುಕೊಂಡಿದೆ. ಮನೆಗೊಬ್ಬರು ಕೊಲ್ಲಿ ರಾಷ್ಟ್ರದಲ್ಲಿದ್ದಾರೆ. ಮಧ್ಯಾಹ್ನದ ಊಟಕ್ಕೆ ಮೀನು ಬೇಕೇ ಬೇಕು. ಅಜ್ಜ ಹಜ್ಜ್‌ಗೆ ಹೋದದ್ದು ಹಡಗಿನಲ್ಲಿ ಎಂಬ ಮಾತು ಈಗಲೂ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. ಅದಕ್ಕಿಂತಲೂ ಹಿಂದಕ್ಕೆ ಹೋದರೆ, ಕರಾವಳಿಯ ಮುಸ್ಲಿಮರ ಚರಿತ್ರೆಯ ಮೊದಲ ಪುಟವೇ ಹಡಗು ಮತ್ತು ವ್ಯಾಪಾರದಿಂದ ಆರಂಭವಾಗುತ್ತದೆ. 'ಬ್ಯಾರಿ' ಎಂಬ ಹೆಸರು 'ವ್ಯಾಪಾರ' ಎಂಬ ಅರ್ಥದ 'ಬ್ಯಾರ' ಎಂಬ ಪದದಿಂದ ಬಂದಿದೆ ಎಂದು ವಿದ್ವಾಂಸರಲ್ಲಿ ಹಲವರು ಹೇಳುತ್ತಾರೆ.

ಆದರೆ ಶಾಲೆಯಿಂದ ಬಂದ ಮಗು, "ಉಮ್ಮಾ, ನಾವು ಎಲ್ಲಿಯವರು? ನಮ್ಮವರು ಇಲ್ಲಿ ಎಂದಿನಿಂದ ಇದ್ದಾರೆ?" ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ತಾಯಂದಿರ ಬಳಿ ಉತ್ತರವಿದೆ? ನಾವು ಉತ್ತರ ಕೊಡದಿದ್ದರೆ ಮಗು ಸುಮ್ಮನಿರುವುದಿಲ್ಲ. ಬಸ್ ನಿಲ್ದಾಣದಲ್ಲಿ, ಮೊಬೈಲಿನಲ್ಲಿ, ಯಾರದೋ ಭಾಷಣದಲ್ಲಿ ಅದಕ್ಕೆ ಬೇರೆ ಉತ್ತರ ಸಿಗುತ್ತದೆ. ಆ ಉತ್ತರ ಮಗುವಿನ ಮನಸ್ಸಿನಲ್ಲಿ ಕೀಳರಿಮೆಯನ್ನೋ ಸಿಟ್ಟನ್ನೋ ಬಿತ್ತಬಹುದು. ಆದ್ದರಿಂದ ಚರಿತ್ರೆಯನ್ನು ಕಲಿಯುವುದು ಪುರುಸೊತ್ತು ಇದ್ದವರ ಹವ್ಯಾಸವಲ್ಲ, ಮಕ್ಕಳನ್ನು ಬೆಳೆಸುವ ಕೆಲಸದ ಒಂದು ಭಾಗ.

ಹೀಗೆ ಕಲಿಯಲು ಒಳ್ಳೆಯ ಸ್ಥಳ ವಸ್ತುಸಂಗ್ರಹಾಲಯ. ಅಲ್ಲಿ ಬರೇ ನೋಡುಗರಾಗಿ ಅರ್ಧ ಗಂಟೆ ಸುತ್ತಿ ಬರುವುದಕ್ಕಿಂತ, ಸ್ವಯಂಸೇವಕಿಯರಾಗಿ ಕೈ ಜೋಡಿಸಿದರೆ ಕಲಿಯುವುದು ಹತ್ತು ಪಟ್ಟು ಹೆಚ್ಚು.

ಕಡಲು ತೆರೆದಿಟ್ಟ ಪಾಠ

ಪವಿತ್ರ ಕುರ್‌ಆನ್ ಸಮುದ್ರದ ಕಡೆಗೆ ನಮ್ಮ ಗಮನವನ್ನು ಹಲವು ಬಾರಿ ಸೆಳೆಯುತ್ತದೆ. ಅನ್ನಹ್ಲ್ ಅಧ್ಯಾಯದ 14ನೇ ಸೂಕ್ತದಲ್ಲಿ ಕಡಲಿನ ತಾಜಾ ಆಹಾರ, ಅಲ್ಲಿಂದ ತೆಗೆಯುವ ಆಭರಣ, ನೀರನ್ನು ಸೀಳಿ ಸಾಗುವ ಹಡಗು ಈ ಮೂರನ್ನೂ ಅಲ್ಲಾಹನ ಅನುಗ್ರಹಗಳಾಗಿ ಎಣಿಸಲಾಗಿದೆ. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಪರಿಣಾಮವೇನಾಯಿತೆಂದು ನೋಡಿರಿ ಎಂಬ ಕರೆಯಂತೂ ಅನೇಕ ಕಡೆ ಬರುತ್ತದೆ. ಆ ಕರೆ ಪುರುಷರಿಗೆ ಮಾತ್ರ ಮೀಸಲಲ್ಲ.

ಪ್ರವಾದಿವರ್ಯರ(ಸ) ಕಾಲದ ಉಮ್ಮು ಹರಾಮ್ ಬಿನ್ತ್ ಮಿಲ್ಹಾನ್(ರ) ಅವರನ್ನು ಇಲ್ಲಿ ನೆನೆಯಬೇಕು. ಅವರ ಮನೆಯಲ್ಲಿ ವಿಶ್ರಮಿಸುತ್ತಿದ್ದ ಪ್ರವಾದಿ(ಸ) ನಗುತ್ತಾ ಎಚ್ಚರಗೊಂಡು, ತನ್ನ ಸಮುದಾಯದ ಕೆಲವರು ಸಮುದ್ರದ ಮೇಲೆ ಯಾನ ಮಾಡುವುದನ್ನು ಕನಸಿನಲ್ಲಿ ಕಂಡುದಾಗಿ ತಿಳಿಸಿದರು. ತಾನೂ ಅವರಲ್ಲಿ ಒಬ್ಬಳಾಗುವಂತೆ ಪ್ರಾರ್ಥಿಸಿರಿ ಎಂದು ಉಮ್ಮು ಹರಾಮ್ ಕೇಳಿಕೊಂಡರು. ಪ್ರವಾದಿ(ಸ) ಪ್ರಾರ್ಥಿಸಿದರು. ವರ್ಷಗಳ ನಂತರ ಅವರು ಪತಿ ಉಬಾದ ಬಿನ್ ಸಾಮಿತ್(ರ) ಜೊತೆ ಸೈಪ್ರಸ್ ದಂಡಯಾತ್ರೆಯ ಹಡಗನ್ನೇರಿದರು. ಆ ಯಾತ್ರೆಯಲ್ಲೇ ಸವಾರಿ ಪ್ರಾಣಿಯಿಂದ ಬಿದ್ದು ನಿಧನರಾದರು. ಸೈಪ್ರಸ್‌ನ ಲಾರ್ನಾಕಾ ಬಳಿ ಅವರ ಹೆಸರಿನಲ್ಲಿರುವ ಸಮಾಧಿ ಮತ್ತು ಮಸೀದಿಯನ್ನು ಈಗಲೂ ಜನರು ಸಂದರ್ಶಿಸುತ್ತಾರೆ. ಮರುಭೂಮಿಯ ನಾಡಿನ ಓರ್ವ ಮಹಿಳೆ ಕಡಲಿನ ಬಗ್ಗೆ ಇಟ್ಟುಕೊಂಡ ಆಸೆ ಹದೀಸ್ ಗ್ರಂಥಗಳಲ್ಲಿ ದಾಖಲಾಗಿ ಉಳಿದಿದೆ.

ಹೊನ್ನಾವರದ ಹದಿಮೂರು ಶಾಲೆಗಳು

1342ರ ಸುಮಾರಿಗೆ ಮೊರೊಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ ನಮ್ಮ ಕರಾವಳಿಗುಂಟ ಪಯಣಿಸಿದರು. ಹೊನ್ನಾವರವನ್ನು ಅವರು 'ಹಿನವ್ರ್' ಎಂದು ಕರೆದಿದ್ದಾರೆ. ಅಲ್ಲಿನ ಜನರು ಕಡಲ ವ್ಯಾಪಾರದಿಂದ ಬದುಕುತ್ತಿದ್ದರು. ಅಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂಬರ್ಥದಲ್ಲಿ ಅವರು ಬರೆದಿದ್ದಾರೆ. ಅಲ್ಲಿನ ಮಹಿಳೆಯರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದೂ ದಾಖಲಿಸಿದ್ದಾರೆ. ಹೆಣ್ಣುಮಕ್ಕಳ ಶಿಕ್ಷಣ ಈಗೀಗ ಬಂದ ಹೊಸ ಗಾಳಿ ಎಂದು ತಿಳಿದವರಿಗೆ ಈ ಒಂದು ಸಾಲಿನ ಮಾಹಿತಿ ಸಾಕು. ಸುಮಾರು 680 ವರ್ಷಗಳ ಹಿಂದೆ, ನಮ್ಮದೇ ಕಡಲ ತೀರದಲ್ಲಿ, ಹೆಣ್ಣುಮಕ್ಕಳು ಪಾಠಶಾಲೆಗೆ ಹೋಗುತ್ತಿದ್ದರು.

ಅದೇ ಯಾತ್ರಿಕರು ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದೂ ಪರ್ಷಿಯಾ ಮತ್ತು ಯಮನ್‌ನ ವರ್ತಕರು ಅಲ್ಲಿ ಇಳಿದುಕೊಳ್ಳುತ್ತಿದ್ದರೆಂದೂ ಕರಿಮೆಣಸು, ಶುಂಠಿ ಧಾರಾಳವಾಗಿ ಸಿಗುತ್ತಿತ್ತೆಂದೂ ಹೇಳುತ್ತಾರೆ. ಒಂದು ಮಾತನ್ನು ಅವರು ಮುಚ್ಚಿಡುವುದಿಲ್ಲ: ಆಗಾಗ ಊರವರಿಗೂ ಮುಸ್ಲಿಮರಿಗೂ ಜಗಳವಾಗುತ್ತಿತ್ತು. ಆದರೆ ವರ್ತಕರು ಬೇಕಾಗಿದ್ದ ಕಾರಣ ಅಲ್ಲಿನ ಅರಸನು ನಡುವೆ ನಿಂತು ಸಂಧಾನ ಮಾಡಿಸುತ್ತಿದ್ದನು. ಜಗಳವೂ ಹಳೆಯದು, ಸಂಧಾನವೂ ಹಳೆಯದು. ಚರಿತ್ರೆಯನ್ನು ಪೂರ್ತಿಯಾಗಿ ಓದಿದರೆ ಎರಡೂ ಕಾಣುತ್ತವೆ.

ಕಸವೆಂದು ಬಿಟ್ಟದ್ದು ಚರಿತ್ರೆಯಾಯಿತು

ಇಬ್ನ್ ಬತೂತರಿಗಿಂತ ಇನ್ನೂರು ವರ್ಷ ಹಿಂದೆ, ಸುಮಾರು 1132ರಿಂದ 1149ರ ವರೆಗೆ, ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರು ಕಡೆಯಲ್ಲಿ ನೆಲೆಸಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಏಡನ್ ಬಂದರಿನ ವರ್ತಕರಿಗೂ ಅವನಿಗೂ ಪತ್ರ ವ್ಯವಹಾರವಿತ್ತು. ಇಲ್ಲಿಂದ ಮೆಣಸು, ಕಬ್ಬಿಣ, ಅಡಿಕೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿತ್ತು. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡುತ್ತಿದ್ದ ಆಳಿನ ಹೆಸರು ಬೊಮ್ಮ.

ಇದೆಲ್ಲ ನಮಗೆ ಗೊತ್ತಾದುದು ಹೇಗೆ? ಯಾವುದೇ ಅರಸನ ಶಾಸನದಿಂದಲ್ಲ. ದೇವನ ಹೆಸರಿರುವ ಕಾಗದವನ್ನು ನಾಶಮಾಡಬಾರದೆಂಬ ಗೌರವದಿಂದ ಕೈರೋದ ಯಹೂದಿ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಹಳೆಯ ಪತ್ರಗಳನ್ನೆಲ್ಲ ತುಂಬಿಸಿಡುತ್ತಿದ್ದರು. ಆ ಹಳೆಯ ಕಾಗದಗಳ ರಾಶಿಯಲ್ಲಿ ಮಂಗಳೂರಿನ ಅಡಿಕೆಯ ಲೆಕ್ಕ ಏಳು ಶತಮಾನಗಳಿಗೂ ಹೆಚ್ಚು ಕಾಲ ಉಳಿದುಕೊಂಡಿತು. ಕಿತ್ತು ಹೋದ ಕುರ್‌ಆನ್ ಹಾಳೆಗಳನ್ನು ಜೋಪಾನವಾಗಿ ತೆಗೆದಿಡುವ ರೂಢಿ ನಮ್ಮ ಮನೆಗಳಲ್ಲೂ ಇದೆಯಷ್ಟೇ? ಆದರೆ ಅಜ್ಜನ ಪತ್ರ, ಅಂಗಡಿಯ ಲೆಕ್ಕದ ಪುಸ್ತಕ, ಹಳೆಯ ಪಾಸ್‌ಪೋರ್ಟ್‌ಗಳನ್ನು ಮಾತ್ರ ಮನೆಗೆ ಸುಣ್ಣ ಬಳಿಯುವಾಗ ಬೆಂಕಿಗೆ ಹಾಕುತ್ತೇವೆ.

ಅಬ್ಬಕ್ಕನ ಹೆಸರಿನ ಸಂಗ್ರಹಾಲಯ

ಮಡಂತ್ಯಾರಿನಿಂದ ಮಂಗಳೂರು ಬಸ್ಸು ಹತ್ತಿದರೆ ಪುಂಜಾಲಕಟ್ಟೆ, ವಗ್ಗ ದಾಟಿ ಬಿ.ಸಿ. ರೋಡು. ನೇತ್ರಾವತಿಯ ದಡದ ಬಂಟ್ವಾಳ ಒಂದು ಕಾಲದಲ್ಲಿ ದೋಣಿಗಳ ಪೇಟೆಯಾಗಿತ್ತು. ಘಟ್ಟದಿಂದ ಇಳಿದ ಸರಕು ಇಲ್ಲಿ ದೋಣಿಗೇರಿ ಮಂಗಳೂರು ಬಂದರಕ್ಕೆ ಹೋಗುತ್ತಿತ್ತು. ಸಮುದ್ರ ನಮ್ಮೂರಿಗೆ ಬಾರದಿದ್ದರೂ ಹೊಳೆಯ ಮೂಲಕ ಅದರ ಕೈ ನಮ್ಮ ಹತ್ತಿರಕ್ಕೆ ಚಾಚಿತ್ತು.

ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವಿದೆ. ಇತಿಹಾಸ ಪ್ರಾಧ್ಯಾಪಕರಾಗಿದ್ದ ಡಾ. ತುಕಾರಾಮ ಪೂಜಾರಿಯವರು ಕಟ್ಟಿ ಬೆಳೆಸಿದ ಸಂಸ್ಥೆ ಇದು. ತುಳುನಾಡಿನ ಜನರ ದಿನಬಳಕೆಯ ವಸ್ತುಗಳ ಸಂಗ್ರಹಾಲಯ ಇಲ್ಲಿದೆ. ಅಡುಗೆಮನೆಯ ಪಾತ್ರೆ, ದೀಪ, ಅಳತೆಯ ಸಾಮಗ್ರಿ, ಕೃಷಿ ಸಲಕರಣೆ ಮುಂತಾದ ಸಾಮಾನ್ಯ ವಸ್ತುಗಳಿಗೆ ಇಲ್ಲಿ ಅರಮನೆಯ ಒಡವೆಗಳಿಗೆ ಸಿಗುವ ಗೌರವ ಸಿಕ್ಕಿದೆ. ಸರಕಾರದ ದೊಡ್ಡ ಯೋಜನೆಯಿಂದಲ್ಲ, ಮನೆಮನೆಗೆ ಹೋಗಿ ಕೇಳಿ ತಂದ ಶ್ರಮದಿಂದ ಇಂಥ ಸಂಗ್ರಹ ಬೆಳೆಯುತ್ತದೆ ಎಂಬುದೇ ಇಲ್ಲಿನ ದೊಡ್ಡ ಪಾಠ.

ಉಳ್ಳಾಲದ ರಾಣಿ ಅಬ್ಬಕ್ಕನ ಚರಿತ್ರೆ ಕಡಲಿನದ್ದೇ ಚರಿತ್ರೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ತಮ್ಮ ಪರವಾನಗಿ ಚೀಟಿ ಇಲ್ಲದೆ ಯಾರೂ ಹಡಗು ಓಡಿಸಬಾರದೆಂದು ಕಟ್ಟಳೆ ಮಾಡಿದರು. ಸಮುದ್ರಕ್ಕೇ ಬೇಲಿ ಹಾಕಿದಂತೆ. ಕಪ್ಪ ಕೊಡಲು ಒಪ್ಪದ ಅಬ್ಬಕ್ಕ ಅವರನ್ನು ಎದುರಿಸಿದಳು. ಕಲ್ಲಿಕೋಟೆಯ ಸಾಮೂದಿರಿ ಮತ್ತು ಬಿಜಾಪುರದ ಸುಲ್ತಾನರೊಂದಿಗೆ ಮೈತ್ರಿ ಮಾಡಿಕೊಂಡಳು. ಅವಳ ಬಳಗದಲ್ಲಿ ಮೊಗವೀರರೂ ಮುಸ್ಲಿಮರೂ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದರೆಂದೂ ಉಳ್ಳಾಲದ ಮೇಲೆ ದಾಳಿಯಾದ ರಾತ್ರಿ ಆಕೆ ಮಸೀದಿಯೊಂದರಲ್ಲಿ ಆಶ್ರಯ ಪಡೆದಳೆಂದೂ ನಾಡಿನ ನೆನಪು ಹೇಳುತ್ತದೆ. 2012ರಲ್ಲಿ ಭಾರತದ ಕರಾವಳಿ ರಕ್ಷಣಾ ಪಡೆ ತನ್ನ ಗಸ್ತು ಹಡಗೊಂದಕ್ಕೆ 'ರಾಣಿ ಅಬ್ಬಕ್ಕ' ಎಂದು ಹೆಸರಿಟ್ಟಿತು. ಜೈನ ರಾಣಿ, ಮೊಗವೀರ ಅಂಬಿಗ, ಮುಸ್ಲಿಮ್ ನಾವಿಕ ಒಂದೇ ದೋಣಿಯಲ್ಲಿದ್ದ ಕಥೆಯನ್ನು ಇಂದಿನ ದಕ್ಷಿಣ ಕನ್ನಡದ ಮಕ್ಕಳಿಗೆ ಹೇಳದಿದ್ದರೆ ಇನ್ಯಾರಿಗೆ ಹೇಳುವುದು?

ಇನ್ನೂ ಎಲ್ಲೆಲ್ಲಿ ನೋಡಬಹುದು?

ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯದ ಕಟ್ಟಡವೇ ಹಡಗಿನ ಆಕಾರದಲ್ಲಿದೆ. ವೈದ್ಯ ಕರ್ನಲ್ ಮಿರಾಜ್ಕರ್ ತಮ್ಮ ತಾಯಿಯ ನೆನಪಿಗೆ ಕೊಟ್ಟ ಈ ಕಟ್ಟಡದಲ್ಲಿ 1960ರಿಂದ ಸಂಗ್ರಹಾಲಯವಿದೆ. ಬೋಳೂರಿನಲ್ಲಿ ಗುರುಪುರ ನದಿಯ ದಡದಲ್ಲಿರುವ ಸುಲ್ತಾನ್ ಬತ್ತೇರಿಯನ್ನು ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದರು. ಶತ್ರುಗಳ ಯುದ್ಧನೌಕೆ ಹೊಳೆಯೊಳಗೆ ನುಗ್ಗದಂತೆ ಕಾಯುವ ಕಪ್ಪು ಕಲ್ಲಿನ ಕಾವಲು ಗೋಪುರ ಅದು. ನಮ್ಮ ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ 1794ರಲ್ಲಿ ಎದ್ದ ಜಮಾಲಾಬಾದ್ ಕೋಟೆಯೂ ಅವರದ್ದೇ. ಅದಕ್ಕೆ ಅವರ ತಾಯಿಯ ಹೆಸರು. ಬಂದರದ ಝೀನತ್ ಬಕ್ಷ್ ಮಸೀದಿಯ ಕೆತ್ತನೆಯ ಮರದ ಕಂಬಗಳು ಕರಾವಳಿಯ ಬಡಗಿಗಳ ಕೈಚಳಕಕ್ಕೆ ಸಾಕ್ಷಿ. ಹಳೆ ಬಂದರದಲ್ಲಿ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು, ಕಲ್ಲು ಸಾಗಿಸುವ ಮಂಜಿಗಳನ್ನು ಕಾಣಬಹುದು. ಕಾರವಾರದ ಕಡಲತೀರದಲ್ಲಿ 'ಚಾಪಲ್' ಎಂಬ ನಿವೃತ್ತ ಯುದ್ಧನೌಕೆಯನ್ನೇ ಸಂಗ್ರಹಾಲಯ ಮಾಡಲಾಗಿದೆ.

ಪತಿಯೊಂದಿಗೆ ಕೊಲ್ಲಿಯಲ್ಲಿರುವ ಸಹೋದರಿಯರು ರಜಾದಿನಗಳನ್ನು ಮಾಲುಗಳಲ್ಲೇ ಕಳೆಯಬೇಕಾಗಿಲ್ಲ. ಶಾರ್ಜಾದಲ್ಲಿ ಕಡಲ ವಸ್ತುಸಂಗ್ರಹಾಲಯವಿದೆ. ಮಸ್ಕತ್‌ನಲ್ಲಿ 'ಸೊಹಾರ್' ಎಂಬ ಹಡಗನ್ನು ರಸ್ತೆ ವೃತ್ತದಲ್ಲಿ ನಿಲ್ಲಿಸಿದ್ದಾರೆ. ಒಂದೂ ಮೊಳೆ ಬಳಸದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. 1980ರ ನವೆಂಬರಿನಲ್ಲಿ ಒಮಾನ್‌ನಿಂದ ಹೊರಟು 1981ರ ಜುಲೈಯಲ್ಲಿ ಚೀನಾ ತಲುಪಿತು. ಅದರ ಮರ ಮಲಬಾರಿನ ಹೆಬ್ಬಲಸು, ಅಂದರೆ ನಮ್ಮ ಮಕ್ಕಳು ಹಣ್ಣು ತಿನ್ನುವ ಪೆಜಕಾಯಿಯ ಮರ. ಹಲಗೆ ಹೊಲಿದವರಲ್ಲಿ ಲಕ್ಷದ್ವೀಪದ ಕುಶಲಕರ್ಮಿಗಳಿದ್ದರು. ಅರಬಿಗಳ ಹೆಮ್ಮೆಯ ಹಡಗಿನಲ್ಲಿ ನಮ್ಮ ಕಡಲತೀರದ ಮರ ಮತ್ತು ಬೆವರು ಎರಡೂ ಇವೆ.

ನಕ್ಷತ್ರ ಅಳೆಯುವ ಹಲಗೆ

ಸಂಗ್ರಹಾಲಯದಲ್ಲಿ ಕಲಿತದ್ದನ್ನು ಮನೆಯಲ್ಲಿ ಮಾಡಿ ತೋರಿಸಿದರೆ ಮಕ್ಕಳು ಮರೆಯುವುದಿಲ್ಲ. ಅರಬ್ ನಾವಿಕರ ಬಳಿ 'ಕಮಾಲ್' ಎಂಬ ಸಲಕರಣೆಯಿತ್ತು. ಆಯತಾಕಾರದ ಒಂದು ಮರದ ತುಂಡು, ಅದರ ನಡುವಿನಿಂದ ಹೊರಟ ಒಂದು ದಾರ, ದಾರದಲ್ಲಿ ಗಂಟುಗಳು. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವಂತೆ ಹಲಗೆಯನ್ನು ಮುಂದೆ ಹಿಡಿಯುವುದು. ಕೆಳಗಿನ ಅಂಚು ದಿಗಂತಕ್ಕೂ ಮೇಲಿನ ಅಂಚು ಧ್ರುವ ನಕ್ಷತ್ರಕ್ಕೂ ತಾಗಿದರೆ, ಆ ಗಂಟು ಯಾವ ಬಂದರಿನದ್ದೋ ಆ ಬಂದರಿನ ನೇರಕ್ಕೆ ಬಂದೆವು ಎಂದರ್ಥ. ಮತ್ತೆ ಪೂರ್ವಕ್ಕೋ ಪಶ್ಚಿಮಕ್ಕೋ ನೇರ ಸಾಗಿದರಾಯಿತು. 15ನೇ ಶತಮಾನದ ಮಹಾನಾವಿಕ ಅಹ್ಮದ್ ಬಿನ್ ಮಾಜಿದ್ ಇಂಥ ವಿದ್ಯೆಗಳನ್ನೆಲ್ಲ ಗ್ರಂಥವಾಗಿ ಬರೆದಿಟ್ಟರು.

ರಟ್ಟು ಮತ್ತು ದಾರದಿಂದ ಮಕ್ಕಳೇ ಇದನ್ನು ಮಾಡಬಹುದು. ಅದೂ ಬೇಡವೆಂದರೆ, ಕೈಯನ್ನು ನೇರ ಚಾಚಿ ಮುಷ್ಟಿ ಹಿಡಿಯಲಿ. ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನಮ್ಮೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಇಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ದುಬೈ 25 ಡಿಗ್ರಿಯಲ್ಲಿದೆ, ಅಲ್ಲಿ ಎರಡೂವರೆ ಮುಷ್ಟಿ. ದುಬೈಯಲ್ಲಿರುವ ತಂದೆ ಅಲ್ಲಿಂದಲೂ ಮಗು ಇಲ್ಲಿಂದಲೂ ಅದೇ ನಕ್ಷತ್ರವನ್ನು ಅಳೆದು ಫೋನಿನಲ್ಲಿ ಹೋಲಿಸಿಕೊಳ್ಳಲಿ. ಭೂಗೋಳದ ಒಂದು ಅಧ್ಯಾಯವೇ ಮುಗಿಯಿತು.

ಸ್ವಯಂಸೇವೆ ಎಂದರೆ ಏನು ಮಾಡುವುದು?

ಮ್ಯೂಸಿಯಂನಲ್ಲಿ ಕೆಲಸ ಮಾಡಲು ದೊಡ್ಡ ಡಿಗ್ರಿ ಬೇಕೆಂದು ಹಲವರು ಹಿಂಜರಿಯುತ್ತಾರೆ. ತಜ್ಞರ ಕೆಲಸ ತಜ್ಞರಿಗೇ ಇರಲಿ. ಆದರೆ ಇಂಗ್ಲೆಂಡಿನಲ್ಲಿ 1545ರಲ್ಲಿ ಮುಳುಗಿದ 'ಮೇರಿ ರೋಸ್' ಹಡಗನ್ನು 1982ರಲ್ಲಿ ಮೇಲೆತ್ತಿದಾಗ ಅದಕ್ಕಾಗಿ ಶ್ರಮಿಸಿದ ಮುಳುಗುಗಾರರಲ್ಲಿ ನೂರಾರು ಮಂದಿ ಸ್ವಯಂಸೇವಕರೇ ಆಗಿದ್ದರು. ನಮ್ಮ ಸಣ್ಣ ಸಂಗ್ರಹಾಲಯಗಳಲ್ಲೂ ಶ್ರದ್ಧೆಯುಳ್ಳ ಕೈಗಳು ಮಾಡಬಹುದಾದ ಕೆಲಸ ಬಹಳ.

ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಟ್ಟು, ಅದರ ಹೆಸರು, ಅಳತೆ, ಎಲ್ಲಿಂದ ಬಂತು, ಯಾರು ಕೊಟ್ಟರು ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಮೃದುವಾದ ಬ್ರಷ್ಷಿನಿಂದ ಧೂಳು ತೆಗೆಯಬೇಕು. ಶಾಲಾ ಮಕ್ಕಳು ಬಂದಾಗ ಜೊತೆಯಲ್ಲಿ ನಡೆದು ವಿವರಿಸಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ವಸ್ತುವನ್ನು ನಮ್ಮ ಅಡುಗೆಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಹೇಗೆ ಬಳಸುತ್ತಿದ್ದರು ಎಂದು ಹೇಳಬಲ್ಲವರು ಬೇಕು. ಒಂದು ತಾಮ್ರದ ಪಾತ್ರೆಯನ್ನು ನೋಡಿ "ಇದು ಮದುವೆಯ ನೈಚೋರಿನದ್ದು" ಎಂದು ಗುರುತಿಸಲು ಸಂಶೋಧಕನಿಗೆ ತಿಂಗಳು ಬೇಕಾದೀತು, ಅಜ್ಜಿಗೆ ಒಂದು ಕ್ಷಣ ಸಾಕು. ಬ್ಯಾರಿ ಭಾಷೆಯ ಎಷ್ಟೋ ಪದಗಳು ಇಂಥ ವಸ್ತುಗಳ ಜೊತೆಗೇ ಮರೆಯಾಗುತ್ತಿವೆ.

ಇದಕ್ಕೆ ಪ್ರತಿಯಾಗಿ ಸಿಗುವುದು ಸಂಬಳವಲ್ಲ. ಹಳೆಯ ವಸ್ತುವನ್ನು ಕಾಪಾಡುವ ವಿದ್ಯೆ, ಓದುವ ಅಭ್ಯಾಸ, ನಾಲ್ಕು ಜನರೆದುರು ಮಾತನಾಡುವ ಧೈರ್ಯ, ಬೇರೆ ಸಮುದಾಯದ ಸ್ತ್ರೀಯರ ಸ್ನೇಹ. ಒಂದೇ ಮೇಜಿನ ಸುತ್ತ ಕುಳಿತು ಹಳೆಯ ದೀಪದ ಧೂಳು ಒರೆಸುವವರ ನಡುವೆ ಅಪನಂಬಿಕೆ ಹೆಚ್ಚು ದಿನ ಉಳಿಯದು. ಇಬ್ಬರು ಮೂವರು ಜೊತೆಗೂಡಿ, ಸಂಸ್ಥೆಯವರನ್ನು ಮೊದಲೇ ಕೇಳಿಕೊಂಡು, ತಿಂಗಳಿಗೆ ಒಂದು ದಿನವಾದರೂ ಹೋಗಬಹುದು. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ಮನೆಯಿಂದಲೇ ಆರಂಭಿಸೋಣ

ಹೊರಗೆ ಹೋಗಲಾಗದವರು ಮನೆಯ ಅಟ್ಟದಿಂದ ಆರಂಭಿಸಲಿ. ಹಜ್ಜ್ ಯಾತ್ರಿಕರನ್ನು ಮುಂಬಯಿಯಿಂದ ಜಿದ್ದಾಕ್ಕೆ ಕೊಂಡೊಯ್ಯುತ್ತಿದ್ದ ಹಡಗು 1995ರಲ್ಲಿ ನಿಂತಿತು. ಅದರಲ್ಲಿ ಹೋದವರು ಈಗ ಮುದುಕರಾಗಿದ್ದಾರೆ, ಅನೇಕರು ನಮ್ಮನ್ನಗಲಿದ್ದಾರೆ. ಅವರ ತಗಡಿನ ಪೆಟ್ಟಿಗೆ, ಯಾತ್ರೆಯ ಕಾಗದ, ಝಮ್‌ಝಮ್ ತಂದ ಡಬ್ಬಿ, ಅಲ್ಲಿಂದ ಬರೆದ ಪತ್ರ ಇವೆಲ್ಲ ಗುಜರಿಯವನ ಚೀಲ ಸೇರುವ ಮುನ್ನ ನಮ್ಮ ಕಣ್ಣಿಗೆ ಬೀಳಬೇಕು.

ಕೆಲವು ಎಚ್ಚರಿಕೆಗಳು ಅಗತ್ಯ. ಹಳೆಯ ಹಿತ್ತಾಳೆ, ಕಂಚಿನ ಪಾತ್ರೆಗಳನ್ನು ಹುಣಸೆಹುಳಿ ಹಾಕಿ ಫಳಫಳಿಸುವಂತೆ ತಿಕ್ಕಬಾರದು, ಕಾಲ ಕೊಟ್ಟ ಬಣ್ಣವೂ ಸಣ್ಣ ಬರಹಗಳೂ ಅಳಿದುಹೋಗುತ್ತವೆ. ಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಬಾರದು, ಅಂಟುಪಟ್ಟಿ ಹಚ್ಚಬಾರದು. ಮಡಿಕೆ ಬಿಡಿಸಿ, ಬಿಳಿ ಹತ್ತಿ ಬಟ್ಟೆ ಅಥವಾ ಒಳ್ಳೆಯ ಕಾಗದದ ನಡುವೆ ಇಟ್ಟು, ತೇವವಿಲ್ಲದ ಕಪಾಟಿನಲ್ಲಿಡಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆರೆದು ನೋಡಬೇಕು. ಮರದ ವಸ್ತುವನ್ನು ನೀರಿನಲ್ಲಿ ತೊಳೆದು ಬಿಸಿಲಿಗಿಡಬಾರದು. ಫೋಟೋದ ಹಿಂಬದಿಯಲ್ಲಿ ಪೆನ್ನಿನಿಂದಲ್ಲ, ಪೆನ್ಸಿಲಿನಿಂದ ಹಗುರವಾಗಿ ಹೆಸರು ಬರೆಯಬೇಕು. ಎಲ್ಲದರ ಚಿತ್ರವನ್ನು ಹಗಲ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು.

ಬಳಿಕ ಹಿರಿಯರ ಬಳಿ ಕುಳಿತುಕೊಳ್ಳಿ. ಅನುಮತಿ ಕೇಳಿ ಧ್ವನಿಮುದ್ರಿಸಿ. "ಆ ಕಾಲದ ಬಗ್ಗೆ ಹೇಳಿ" ಎಂದರೆ ಅವರಿಗೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯದು. ಹಡಗಿನಲ್ಲಿ ಎಷ್ಟು ದಿನ ಇದ್ದಿರಿ? ಏನು ಬೇಯಿಸಿ ತಿಂದಿರಿ? ಹೆಂಗಸರಿಗೆ ಮಲಗಲು ಎಲ್ಲಿ ಜಾಗವಿತ್ತು? ಯಜಮಾನರ ಪತ್ರ ಎಷ್ಟು ದಿನಕ್ಕೆ ಬರುತ್ತಿತ್ತು, ಯಾರು ಓದಿ ಹೇಳುತ್ತಿದ್ದರು? ಇಂಥ ಸಣ್ಣ ಪ್ರಶ್ನೆಗಳಿಗೆ ದೊಡ್ಡ ಉತ್ತರಗಳು ಬರುತ್ತವೆ. ಕಡಲು ದಾಟಿದವರ ಕಥೆಯನ್ನು ಯಾರಾದರೂ ಬರೆದಾರು. ದಡದಲ್ಲಿ ಉಳಿದು, ಮಕ್ಕಳನ್ನು ಸಾಕಿ, ಸಾಲ ತೀರಿಸಿ, ವರ್ಷಗಟ್ಟಲೆ ಕಾದ ಹೆಂಗಸರ ಕಥೆಯನ್ನು ನಾವಲ್ಲದೆ ಬೇರೆ ಯಾರೂ ಬರೆಯಲಾರರು.

ಬೆನ್ ಯಿಜುವಿನ ಅಡಿಕೆಯ ಲೆಕ್ಕ ಉಳಿದದ್ದು ಯಾರೋ ಅದನ್ನು ಸುಡಲಿಲ್ಲ ಎಂಬ ಕಾರಣಕ್ಕೆ. ಹೊನ್ನಾವರದ ಹೆಣ್ಣುಮಕ್ಕಳ ಶಾಲೆಗಳು ನಮಗೆ ಗೊತ್ತಾದುದು ಓರ್ವ ಯಾತ್ರಿಕ ಎಣಿಸಿ ಹೇಳಿದ ಕಾರಣಕ್ಕೆ. ಸುಡದೆ ಉಳಿಸುವುದು, ಎಣಿಸಿ ಬರೆಯುವುದು, ಈ ಎರಡೂ ಮನೆ ನಡೆಸುವ ಪ್ರತಿಯೊಬ್ಬ ಸಹೋದರಿಗೂ ಚೆನ್ನಾಗಿ ತಿಳಿದ ಕೆಲಸಗಳೇ. ಅದನ್ನು ನಮ್ಮ ಚರಿತ್ರೆಗಾಗಿಯೂ ಮಾಡೋಣ. ಆಗ "ನಾವು ಎಲ್ಲಿಯವರು?" ಎಂದು ಕೇಳುವ ಮಗುವಿನ ಕೈಗೆ ನಾವು ಒಂದು ವಸ್ತುವನ್ನು ಕೊಟ್ಟು, ಅದರ ಕಥೆಯನ್ನು ಹೇಳಿ, ಇಲ್ಲಿಯವರೇ ಎಂದು ತೋರಿಸಿಕೊಡಬಹುದು.